ಹತ್ತು ಗಜ ನೆಲ, ನಾಲ್ಕು ಸರದಿ

ಮೊದಲೇ ಒಂದು ಮಾತು ಕೊಡುತ್ತೇನೆ. ಈ ಲೇಖನ ಓದಲು ನಿಮಗೆ ಅಮೆರಿಕನ್ ಫುಟ್‌ಬಾಲ್ ಎಳ್ಳಷ್ಟೂ ತಿಳಿದಿರಬೇಕಾಗಿಲ್ಲ. ಹೆಲ್ಮೆಟ್ ಹಾಕಿದ ಕಟ್ಟಾಳುಗಳು ಒಬ್ಬರ ಮೇಲೊಬ್ಬರು ಬೀಳುವುದು, ಏಳುವುದು, ಮತ್ತೆ ಸಾಲಾಗಿ ನಿಲ್ಲುವುದು, ಇದನ್ನೆಲ್ಲ ಎಂದೋ ಟಿ.ವಿ.ಯಲ್ಲಿ ಕಂಡು, ಇದರಲ್ಲೇನಿದೆ ಎಂದು ಚಾನೆಲ್ ಬದಲಿಸಿದವರು ನೀವಾಗಿದ್ದರೂ ಸಂಕೋಚ ಬೇಡ. ನಾನೂ ಬಹಳ ಕಾಲ ಹಾಗೆ ಬದಲಿಸಿದವನೇ.

ನಮ್ಮ ಗುರಿ ಚಿಕ್ಕದು. 2007ರ ಜನವರಿ 1ರ ಸಂಜೆ, ಅಂದರೆ ನಮ್ಮಲ್ಲಿ 2ರ ಬೆಳಗ್ಗೆ, ಅಮೆರಿಕದ ಅರಿಝೋನಾ ರಾಜ್ಯದ ಗ್ಲೆಂಡೇಲ್ ಎಂಬ ಊರಿನಲ್ಲಿ ಎರಡು ವಿಶ್ವವಿದ್ಯಾಲಯಗಳ ತಂಡಗಳು ಆಡಿದವು. ಒಂದು ಓಕ್ಲಹೋಮಾ, ಇನ್ನೊಂದು ಬಾಯ್ಸಿ ಸ್ಟೇಟ್. ಆ ಪಂದ್ಯದ ಹೆಸರು ಫಿಯೆಸ್ಟಾ ಬೌಲ್. ಅದರ ಕೊನೆಯ ಒಂದೂವರೆ ನಿಮಿಷದಲ್ಲಿ ಮತ್ತು ಅದರ ನಂತರದ ಹೆಚ್ಚುವರಿ ಆಟದಲ್ಲಿ ನಡೆದದ್ದು ನಿಮಗೆ ಅರ್ಥವಾಗಬೇಕು. ಅದಕ್ಕೆ ಎಷ್ಟು ನಿಯಮ ಬೇಕೋ ಅಷ್ಟನ್ನೇ ಹೇಳುತ್ತೇನೆ. ಉಳಿದವು ಒಂದು ದಪ್ಪ ಪುಸ್ತಕದಷ್ಟಿವೆ. ಅವು ಪುಸ್ತಕದಲ್ಲೇ ಇರಲಿ.

ಹೆಸರಿನಿಂದಲೇ ಆರಂಭಿಸೋಣ. 'ಬೌಲ್' ಎಂದೊಡನೆ ಕ್ರಿಕೆಟ್ ನೋಡಿ ಬೆಳೆದ ನಮಗೆ ಬೌಲಿಂಗ್ ನೆನಪಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಅಡುಗೆಮನೆಯ ಬೋಗುಣಿ. 1914ರಲ್ಲಿ ಯೇಲ್ ವಿಶ್ವವಿದ್ಯಾಲಯ ಕಟ್ಟಿಸಿದ ಕ್ರೀಡಾಂಗಣ ಸುತ್ತಲೂ ಏರಿ, ನಡುವೆ ತಗ್ಗಾಗಿ, ಬೋಗುಣಿಯಂತೆಯೇ ಇತ್ತು; ಅದಕ್ಕೆ ಯೇಲ್ ಬೌಲ್ ಎಂದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1922ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಇನ್ನೊಂದು ಕ್ರೀಡಾಂಗಣ ಎದ್ದಿತು. ಅದು ರೋಸ್ ಬೌಲ್. ಕ್ರಮೇಣ ಕಟ್ಟಡದ ಹೆಸರು ಅಲ್ಲಿ ನಡೆಯುವ ಪಂದ್ಯಕ್ಕೂ ಅಂಟಿಕೊಂಡಿತು. ಆಮೇಲೆ ಬೇರೆ ಊರುಗಳವರು ತಮ್ಮ ಪಂದ್ಯಗಳಿಗೂ ಅದೇ ಬಾಲ ಸೇರಿಸಿದರು: ಆರೆಂಜ್ ಬೌಲ್, ಶುಗರ್ ಬೌಲ್, ಕಾಟನ್ ಬೌಲ್. ಕಿತ್ತಳೆ, ಸಕ್ಕರೆ, ಹತ್ತಿ. ಹೆಸರುಗಳನ್ನು ಓದಿದರೆ ಸಂತೆಯ ಪಟ್ಟಿಯಂತಿದೆ, ಅಲ್ಲವೇ? ಆಯಾ ಸೀಮೆ ಯಾವುದಕ್ಕೆ ಹೆಸರಾಗಿತ್ತೋ ಅದೇ ಪಂದ್ಯದ ಹೆಸರಾಯಿತು. 1971ರಲ್ಲಿ ಅರಿಝೋನಾದವರು ಆರಂಭಿಸಿದ ಪಂದ್ಯಕ್ಕೆ ಹಬ್ಬ ಎಂಬರ್ಥದ ಸ್ಪ್ಯಾನಿಶ್ ಪದವನ್ನು ಇಟ್ಟುಕೊಂಡರು, ಫಿಯೆಸ್ಟಾ.

ಆದರೆ ಇಂಥ ಪಂದ್ಯ ಯಾಕೆ ಹುಟ್ಟಿತು? ಉತ್ತರ ಚಳಿಗಾಲದಲ್ಲಿದೆ. ಜನವರಿಯಲ್ಲಿ ಅಮೆರಿಕದ ಉತ್ತರ ಭಾಗವೆಲ್ಲ ಹಿಮದಡಿ ಇರುತ್ತದೆ. ನಮ್ಮಲ್ಲಿ ಮಾತ್ರ ಈಗಲೂ ಗುಲಾಬಿ ಅರಳಿದೆ ನೋಡಿ ಎಂದು ತೋರಿಸಿಕೊಳ್ಳಲು ಪಸಡೀನಾದವರು 1890ರ ಹೊಸವರ್ಷದ ದಿನ ಹೂವಿನ ಮೆರವಣಿಗೆಯೊಂದನ್ನು ಆರಂಭಿಸಿದರು. ಆ ಉತ್ಸವದ ಖರ್ಚಿಗೆ ಹಣ ಬರಲೆಂದು 1902ರಲ್ಲಿ ಒಂದು ಫುಟ್‌ಬಾಲ್ ಪಂದ್ಯವನ್ನೂ ಇಟ್ಟರು. ಮಿಶಿಗನ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು 49-0 ಅಂತರದಲ್ಲಿ ಸದೆಬಡಿಯಿತು. ಇನ್ನೂ ಕೆಲವು ನಿಮಿಷ ಉಳಿದಿರುವಾಗಲೇ ಸ್ಟ್ಯಾನ್‌ಫರ್ಡ್ ಸಾಕಪ್ಪಾ ಎಂದು ಕೈಚೆಲ್ಲಿತು. ಸಂಘಟಕರಿಗೂ ಸಾಕಾಗಿರಬೇಕು. ಮುಂದಿನ ಹಲವು ವರ್ಷ ಫುಟ್‌ಬಾಲ್ ಬಿಟ್ಟು, ರೋಮನ್ನರ ಹಾಗೆ ರಥದ ಓಟ ನಡೆಸಿದರು! ಫುಟ್‌ಬಾಲ್ ಮರಳಿ ಬಂದದ್ದು 1916ರಲ್ಲಿ. ಅಲ್ಲಿಂದ ಅದು ಪ್ರತಿವರ್ಷದ ಕಟ್ಟಳೆಯಾಯಿತು.

ಹೀಗಾಗಿ ಬೌಲ್ ಪಂದ್ಯ ಹುಟ್ಟಿದ್ದು ಚಾಂಪಿಯನ್ ಯಾರೆಂದು ತೀರ್ಮಾನಿಸಲು ಅಲ್ಲ. ಜನರನ್ನು ಬೆಚ್ಚಗಿನ ಊರಿಗೆ ಕರೆಯಲು. ಇದನ್ನು ಮರೆಯಬೇಡಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆಯವರೆಗೆ ವಿಶ್ವವಿದ್ಯಾಲಯದ ತಂಡಗಳು ವಾರಕ್ಕೊಂದರಂತೆ ಸುಮಾರು 12 ಪಂದ್ಯ ಆಡುತ್ತವೆ. ಬಹುಪಾಲು ಪಂದ್ಯಗಳು ತಮ್ಮ 'ಕಾನ್ಫರೆನ್ಸ್' ಒಳಗೆ. ಕಾನ್ಫರೆನ್ಸ್ ಎಂದರೆ ಇಲ್ಲಿ ವಿಚಾರಸಂಕಿರಣವಲ್ಲ, ಕೆಲವು ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಕೂಟ. ಅಲ್ಲಿಗೆ ಋತು ಮುಗಿಯಿತು. ಸಾಮಾನ್ಯವಾಗಿ ಆರು ಪಂದ್ಯವಾದರೂ ಗೆದ್ದ ತಂಡಕ್ಕೆ ಬೌಲ್ ಆಡುವ ಅರ್ಹತೆ ಸಿಗುತ್ತದೆ, ಆಹ್ವಾನ ಬರುತ್ತದೆ, ಡಿಸೆಂಬರ್ ನಡುವಿನಿಂದ ಜನವರಿಯವರೆಗೆ ಒಂದೊಂದು ಊರಿನಲ್ಲಿ ಒಂದೊಂದು ಬೌಲ್ ನಡೆಯುತ್ತದೆ. ಈಗ ಅವುಗಳ ಸಂಖ್ಯೆ ನಲವತ್ತರ ಆಸುಪಾಸಿನಲ್ಲಿದೆ. ಎಲ್ಲವೂ ಗಂಭೀರವಾದವೆಂದು ಭಾವಿಸಬೇಡಿ. ಐಡಹೋ ರಾಜ್ಯದವರ ಆಲೂಗಡ್ಡೆ ಬೌಲ್‌ನಲ್ಲಿ ಗೆದ್ದ ಕೋಚ್ ತಲೆಯ ಮೇಲೆ ಬಕೆಟ್ಟುಗಟ್ಟಲೆ ಫ್ರೆಂಚ್ ಫ್ರೈಸ್ ಸುರಿಯುತ್ತಾರೆ.

ಕಾಲೇಜು ಹುಡುಗರ ಪಂದ್ಯಕ್ಕೆ ಇಷ್ಟೆಲ್ಲ ಸಡಗರವೇ ಎಂದು ನಿಮಗನ್ನಿಸಬಹುದು. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯವೆಂದರೆ ಆಡುವವರ ಗೆಳೆಯರು ನಾಲ್ಕು ಜನ ಬಂದರೆ ಹೆಚ್ಚು. ಅಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಒಂದರಲ್ಲೇ ಲಕ್ಷಕ್ಕೂ ಹೆಚ್ಚು ಮಂದಿ ಕೂರುತ್ತಾರೆ. ನಿಮ್ಮ ಮಗಳೋ, ತಂಗಿಯ ಮಗನೋ ಎಂ.ಎಸ್. ಓದಲು ಅಂಥ ಊರಿಗೆ ಹೋಗಿದ್ದರೆ ಕೇಳಿ ನೋಡಿ; ಪಂದ್ಯದ ಶನಿವಾರ ಬಂತೆಂದರೆ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಬೀದಿಗಿಳಿಯುತ್ತದೆ. ಇದಕ್ಕೊಂದು ಕಾರಣವಿದೆ. ಅಮೆರಿಕದಲ್ಲಿ ಈ ಆಟ ಹುಟ್ಟಿದ್ದೇ ಕಾಲೇಜುಗಳಲ್ಲಿ. 1869ರ ನವೆಂಬರ್‌ನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ವಿದ್ಯಾರ್ಥಿಗಳು ಮೊದಲ ಅಂತರ ಕಾಲೇಜು ಪಂದ್ಯ ಆಡಿದರು. ಸಂಬಳದ ಆಟಗಾರರ ಲೀಗು ಬಂದದ್ದು ಅದಾಗಿ ಅರ್ಧ ಶತಮಾನದ ನಂತರ.

ಈಗ ಆಟಕ್ಕೆ ಬರೋಣ. ನಿಧಾನವಾಗಿ ಓದಿ, ಇಲ್ಲಿ ಒಂದು ಮೆಟ್ಟಿಲು ಬಿಟ್ಟರೆ ಮುಂದಿನದು ಸಿಗುವುದಿಲ್ಲ.

ಮೈದಾನದ ಉದ್ದ 100 ಗಜ. ನಮ್ಮ ಅಜ್ಜಿಯರು ಬಟ್ಟೆ ಅಳೆಯುತ್ತಿದ್ದ ಅದೇ ಗಜ, ಮೀಟರಿಗಿಂತ ತುಸು ಗಿಡ್ಡ. ಎರಡೂ ತುದಿಯಲ್ಲಿ ಹತ್ತು ಹತ್ತು ಗಜದ ಪಟ್ಟಿಯೊಂದಿದೆ. ಅದಕ್ಕೆ ಎಂಡ್ ಜೋನ್ ಎನ್ನುತ್ತಾರೆ. ನಾವು 'ಮನೆ' ಎನ್ನೋಣ. ಒಂದೊಂದು ತಂಡದಿಂದ ಹನ್ನೊಂದು ಮಂದಿ. ಚೆಂಡು ದುಂಡಗಿಲ್ಲ, ಎರಡೂ ತುದಿ ಚೂಪಾದ ಮೊಟ್ಟೆಯಂತಿದೆ. ಚೆಂಡು ಕೈಯಲ್ಲಿರುವ ತಂಡ ಅದನ್ನು ಎದುರಾಳಿಯ ಮನೆಗೆ ಹೊತ್ತು ಹೋಗಬೇಕು. ಎದುರಾಳಿಗಳು ಹಿಡಿದು ಕೆಡವಬೇಕು. ಹೆಸರಿಗೆ ಕಾಲ್ಚೆಂಡು, ಕಾರುಬಾರೆಲ್ಲ ಕೈಯದೇ.

ಇಲ್ಲಿಯವರೆಗೆ ಇದು ಕಬಡ್ಡಿ ಆಡಿದವರಿಗೆ ಹೊಸದಲ್ಲ. ಮುಂದಿನದು ಹೊಸದು. ಚೆಂಡು ಹೊತ್ತವನು ನೆಲಕ್ಕೆ ಬಿದ್ದೊಡನೆ ಆಟ ನಿಲ್ಲುತ್ತದೆ. ಬಿದ್ದ ಜಾಗದಿಂದಲೇ, ಎರಡೂ ತಂಡ ಎದುರುಬದುರು ಸಾಲುಗಟ್ಟಿ ನಿಂತ ಮೇಲೆ, ಮತ್ತೆ ಶುರು. ಇಂಥ ಒಂದೊಂದು ಯತ್ನಕ್ಕೂ 'ಡೌನ್' ಎಂದು ಹೆಸರು. ನಾವು ಸರದಿ ಎನ್ನೋಣ. ತಂಡಕ್ಕೆ ನಾಲ್ಕು ಸರದಿ. ನಾಲ್ಕರೊಳಗೆ ಕನಿಷ್ಠ ಹತ್ತು ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಸರದಿ ಸಿಗುತ್ತವೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಆಟದ ಮೂಲ ಇಷ್ಟೇ. ಓಟ, ಎಸೆತ, ಗುದ್ದಾಟ ಎಲ್ಲವೂ ಈ ಲೆಕ್ಕದ ಸುತ್ತ. ಹತ್ತು ಗಜ ಆಯಿತೋ ಇಲ್ಲವೋ ಎಂದು ಅನುಮಾನ ಬಂದರೆ, ಮೈದಾನದ ಅಂಚಿನಲ್ಲಿ ನಿಂತ ಸಹಾಯಕರು ಹತ್ತು ಗಜದ ಸರಪಳಿಯನ್ನು ಎಳೆದು ತಂದು ಅಳೆಯುತ್ತಿದ್ದರು. ಹೊಲದ ಬದುವಿನ ತಂಟೆ ತೀರಿಸಲು ಸರ್ವೆಯವರು ಸರಪಳಿ ಹಿಡಿದು ಬಂದದ್ದನ್ನು ಕಂಡವರಿಗೆ ಆ ಗಳಿಗೆಯ ಮೌನ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಮೂರು ಸರದಿಯಲ್ಲಿ ಆಗದೆ ಹೋದರೆ ನಾಲ್ಕನೆಯದನ್ನು ಸಾಮಾನ್ಯವಾಗಿ ಪಣಕ್ಕಿಡುವುದಿಲ್ಲ. ಚೆಂಡನ್ನು ಒದ್ದು ದೂರ ಕಳಿಸುತ್ತಾರೆ, ಎದುರಾಳಿ ದೂರದಿಂದ ಬರಲಿ ಎಂದು. ಗೋಲಿನ ಕಂಬಗಳು ಹತ್ತಿರವಿದ್ದರೆ ಅವುಗಳ ನಡುವೆ ಒದ್ದು ಮೂರು ಅಂಕ ಗಿಟ್ಟಿಸುತ್ತಾರೆ. ನಾಲ್ಕನೆಯ ಸರದಿಯಲ್ಲೂ ಮುನ್ನುಗ್ಗುತ್ತಿದ್ದಾರೆಂದರೆ ಒಂದೋ ಧೈರ್ಯ ಹೆಚ್ಚಾಗಿದೆ, ಇಲ್ಲವೇ ಬೇರೆ ದಾರಿ ಉಳಿದಿಲ್ಲ.

ಚೆಂಡು ಮನೆ ಸೇರಿದರೆ ಅದು ಟಚ್‌ಡೌನ್, ಆರು ಅಂಕ. ಜೊತೆಗೊಂದು ಕೊಸರು ಯತ್ನ ಸಿಗುತ್ತದೆ. ಕಂಬಗಳ ನಡುವೆ ಒದ್ದರೆ ಒಂದು ಅಂಕ. ಇದು ಬಹುತೇಕ ಖಚಿತ. ಒದೆಯುವ ಬದಲು ಮೂರು ಗಜ ದೂರದಿಂದ ಇನ್ನೊಮ್ಮೆ ಮನೆಯೊಳಗೆ ನುಗ್ಗಿದರೆ ಎರಡು ಅಂಕ; ಇದು ಕಷ್ಟ. ಹೆಚ್ಚಿನ ಕೋಚ್‌ಗಳು ಖಚಿತವಾದ ಒಂದನ್ನೇ ಆರಿಸಿಕೊಳ್ಳುತ್ತಾರೆ.

ಇನ್ನು ಎಸೆತ. ಪ್ರತಿ ಸರದಿಯಲ್ಲೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಎಂಬಾತನ ಕೈಗೆ. ಅವನು ತಂಡದ ಸೂತ್ರಧಾರ. ಚೆಂಡನ್ನು ಮುಂದಕ್ಕೆ ಎಸೆಯಬಹುದು, ಓಡುವವನ ಕೈಗೆ ಕೊಡಬಹುದು, ತಾನೇ ಓಡಬಹುದು. ಮುಂದಕ್ಕೆ ಎಸೆಯುವುದಕ್ಕೆ ಮೊದಲು ಅನುಮತಿಯೇ ಇರಲಿಲ್ಲ. ಗುಂಪುಗಟ್ಟಿ ಗುದ್ದಿಕೊಂಡು ಹೋಗುವುದೊಂದೇ ದಾರಿಯಾಗಿತ್ತು. ಹುಡುಗರು ಮೈದಾನದಲ್ಲಿ ಸಾಯುತ್ತಿದ್ದರು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸರಿಪಡಿಸಿಕೊಳ್ಳಿ ಎಂದರು. 1906ರಲ್ಲಿ ಮುಂದಕ್ಕೆಸೆಯಲು ಒಪ್ಪಿಗೆ ಸಿಕ್ಕಿತು, ಆಟದ ಚಹರೆಯೇ ಬದಲಾಯಿತು. ಆದರೆ ಒಂದು ಸರದಿಯಲ್ಲಿ ಮುಂದಕ್ಕೆ ಎಸೆಯುವುದು ಒಂದೇ ಸಲ. ಪಕ್ಕಕ್ಕೋ ಹಿಂದಕ್ಕೋ ಎಷ್ಟು ಸಲ ಬೇಕಾದರೂ ದಾಟಿಸಬಹುದು. ಅದಕ್ಕೆ ಲ್ಯಾಟರಲ್ ಎಂದು ಹೆಸರು. ಜಾರಿದರೆ ಚೆಂಡು ಯಾರ ಪಾಲಾದರೂ ಆಗಬಹುದಾದ್ದರಿಂದ ಅದನ್ನು ಬಳಸುವವರು ಕಡಿಮೆ. ಈ ಪದವನ್ನು ಗುರುತು ಹಾಕಿಕೊಳ್ಳಿ.

ಇಷ್ಟು ಸಾಕು. ಈಗ ಗ್ಲೆಂಡೇಲ್‌ಗೆ ಹೋಗೋಣ.

ಓಕ್ಲಹೋಮಾ ದೊಡ್ಡ ಮನೆತನದ ತಂಡ, ಏಳು ಬಾರಿ ರಾಷ್ಟ್ರೀಯ ಚಾಂಪಿಯನ್. ಅವರ ಓಟಗಾರ ಏಡ್ರಿಯನ್ ಪೀಟರ್ಸನ್ ಅಕ್ಟೋಬರ್‌ನಲ್ಲಿ ಕತ್ತಿನ ಪಕ್ಕದ ಮೂಳೆ ಮುರಿದುಕೊಂಡು ಕೂತಿದ್ದವನು, ಈ ಪಂದ್ಯಕ್ಕೆ ಮರಳಿದ್ದ. ಕೆಲವೇ ತಿಂಗಳಲ್ಲಿ ಅವನಿಗೆ ಕೋಟಿಗಳ ಒಪ್ಪಂದ ಕಾದಿತ್ತು; ಮೈ ಉಳಿಸಿಕೊಳ್ಳಲು ಆಡದೆ ಕೂರಬಹುದಿತ್ತು. ಇತ್ತೀಚೆಗೆ ಎಷ್ಟೋ ದೊಡ್ಡ ಆಟಗಾರರು ಹಾಗೆಯೇ ಬೌಲ್ ಪಂದ್ಯ ಬಿಟ್ಟು ಕೂರುತ್ತಾರೆ. ಅವರನ್ನು ದೂರಲಾರೆ, ಮೂಳೆ ಅವರದು; ಆದರೆ ಆಡಿದವನ ಮೇಲೆ ಒಂದು ತೂಕ ಗೌರವ ಹೆಚ್ಚೇ ಇದೆ ಎಂಬುದನ್ನು ಮುಚ್ಚಿಡಲಾರೆ.

ಬಾಯ್ಸಿ ಸ್ಟೇಟ್ ಐಡಹೋ ರಾಜ್ಯದ್ದು. 1932ರಲ್ಲಿ ಎರಡು ವರ್ಷದ ಕಿರಿಯ ಕಾಲೇಜಾಗಿ ಶುರುವಾದದ್ದು. ಅದರ ಫುಟ್‌ಬಾಲ್ ತಂಡ ಮೇಲಿನ ದರ್ಜೆಗೆ ಬಂದದ್ದು 1996ರಲ್ಲಿ, ಮೊನ್ನೆ ಮೊನ್ನೆ. ಮೈದಾನದ ಕೃತಕ ಹುಲ್ಲನ್ನು 1986ರಲ್ಲಿ ನೀಲಿ ಮಾಡಿಸಿದ ವಿಚಿತ್ರದವರು ಎಂಬುದೇ ಅವರ ದೊಡ್ಡ ಖ್ಯಾತಿ. ಗ್ಲೆಂಡೇಲ್‌ಗೆ ಬರುವ ಮೊದಲು ಆ ಋತುವಿನಲ್ಲಿ 12ಕ್ಕೆ 12 ಪಂದ್ಯ ಗೆದ್ದಿದ್ದರು. ಆದರೆ ಅವರ ಕಾನ್ಫರೆನ್ಸ್ ಚಿಕ್ಕದು. ಹೂವಿನಹಳ್ಳಿಯಲ್ಲಿ ಗೆದ್ದ ಪೈಲ್ವಾನ ಮೈಸೂರು ದಸರಾ ಕುಸ್ತಿಗೆ ಬಂದರೆ ಜನ ಏನೆನ್ನುತ್ತಾರೋ ಇವರ ಬಗ್ಗೆಯೂ ಅದೇ ಮಾತು. ಕೋಚ್ ಕ್ರಿಸ್ ಪೀಟರ್ಸನ್‌ಗೆ ಮುಖ್ಯ ಕೋಚ್ ಆಗಿ ಅದು ಮೊದಲ ವರ್ಷ. ಕ್ವಾರ್ಟರ್‌ಬ್ಯಾಕ್ ಜಾರೆಡ್ ಝಬ್ರಾನ್ಸ್ಕಿಗೆ ಅದು ಕಾಲೇಜಿನ ಕೊನೆಯ ಪಂದ್ಯ. ಓಟಗಾರ ಇಯಾನ್ ಜಾನ್ಸನ್, ಬಿಡುವಿನಲ್ಲಿ ಕ್ರೋಶಾ ಕಡ್ಡಿ ಹಿಡಿದು ಉಲ್ಲನ್ ಟೋಪಿ ಹೆಣೆಯುವವನು.

ಮೂರನೆಯ ಕಾಲುಭಾಗದಲ್ಲಿ ಬಾಯ್ಸಿ 28-10ರಿಂದ ಮುಂದಿತ್ತು. ಆಮೇಲೆ ಓಕ್ಲಹೋಮಾ ಎದ್ದಿತು. 1 ನಿಮಿಷ 26 ಸೆಕೆಂಡು ಉಳಿದಿದ್ದಾಗ ಟಚ್‌ಡೌನ್, ಜೊತೆಗೆ ಎರಡು ಅಂಕದ ಕೊಸರು: 28-28. ಆ ಬಳಿಕ ಝಬ್ರಾನ್ಸ್ಕಿ ಎಸೆದ ಚೆಂಡು ನೇರವಾಗಿ ಎದುರಾಳಿಯ ಕೈಸೇರಿತು. ಅವನು ಅದನ್ನು ಬಾಯ್ಸಿಯ ಮನೆಗೇ ಹೊತ್ತೊಯ್ದ. 28-35. ಉಳಿದದ್ದು 1 ನಿಮಿಷ 2 ಸೆಕೆಂಡು. ಇಡೀ ಸಂಜೆ ಕಟ್ಟಿದ್ದನ್ನು ಒಬ್ಬ ಹುಡುಗ ಒಂದೇ ಎಸೆತದಲ್ಲಿ ಚೆಲ್ಲಿದ್ದ.

ಗಡಿಯಾರದಲ್ಲಿ 18 ಸೆಕೆಂಡು. ಬಾಯ್ಸಿಗೆ ನಾಲ್ಕನೆಯ, ಅಂದರೆ ಕೊನೆಯ ಸರದಿ. ಹತ್ತರ ಲೆಕ್ಕ ಪೂರೈಸಲು ಬೇಕಿದ್ದದ್ದು 18 ಗಜ. ಹಿಂದಿನ ಸರದಿಗಳಲ್ಲಿ ಹಿಂದಕ್ಕೆ ತಳ್ಳಿಸಿಕೊಂಡಿದ್ದರಿಂದ ಸಾಲ ಬೆಳೆದಿತ್ತು. ಚೆಂಡಿರುವುದು ಮೈದಾನದ ನಟ್ಟನಡುವೆ, 50 ಗಜದ ಗೆರೆಯ ಮೇಲೆ. ಝಬ್ರಾನ್ಸ್ಕಿ ಮುಂದಕ್ಕೆಸೆದ. ಡ್ರಿಸನ್ ಜೇಮ್ಸ್ ಸುಮಾರು 15 ಗಜ ಮುಂದೆ ಚೆಂಡು ಹಿಡಿದ. ನೀವೇ ಲೆಕ್ಕ ಹಾಕಿ, ಮೂರು ಗಜ ಸಾಲದು. ಅವನನ್ನು ಹಿಡಿಯಲು ಓಕ್ಲಹೋಮಾದವರು ಮುಗಿಬಿದ್ದರು. ಅಷ್ಟರಲ್ಲಿ ಎದುರು ದಿಕ್ಕಿನಿಂದ ಜೆರಾರ್ಡ್ ರ‍್ಯಾಬ್ ಅಡ್ಡ ಓಡಿ ಬರುತ್ತಿದ್ದ. ಜೇಮ್ಸ್ ಚೆಂಡನ್ನು ಅವನಿಗೆ ದಾಟಿಸಿಬಿಟ್ಟ. ಗುರುತು ಹಾಕಿಕೊಳ್ಳಿ ಎಂದಿದ್ದೆನಲ್ಲ, ಆ ಲ್ಯಾಟರಲ್. ಎಡಕ್ಕೆ ಹರಿಯುತ್ತಿದ್ದ ಆಟ ಬಲಕ್ಕೋ, ಬಲಕ್ಕೆ ಹರಿಯುತ್ತಿದ್ದದ್ದು ಎಡಕ್ಕೋ ತಿರುಗಿದರೆ ಹಿಡಿಯುವವರ ಕಾಲುಗಳು ತಪ್ಪು ದಿಕ್ಕಿನಲ್ಲಿರುತ್ತವೆ. ತಂತ್ರದ ಗುಟ್ಟೇ ಅದು. ರ‍್ಯಾಬ್ 35 ಗಜ ಓಡಿ ಮನೆಯೊಳಗೆ ಹಾರಿದ. ಉಳಿದದ್ದು ಏಳು ಸೆಕೆಂಡು. ಒದ್ದು ಒಂದು ಅಂಕ. 35-35.

ಕಾಲೇಜು ಫುಟ್‌ಬಾಲಿನ ಹೆಚ್ಚುವರಿ ಆಟ ಸರಳ. ಎದುರಾಳಿಯ ಮನೆಯಿಂದ 25 ಗಜ ದೂರದಲ್ಲಿ ಒಮ್ಮೆ ಇವರಿಗೆ ಚೆಂಡು, ಒಮ್ಮೆ ಅವರಿಗೆ. ಓಕ್ಲಹೋಮಾ ಮೊದಲು. ಏಡ್ರಿಯನ್ ಪೀಟರ್ಸನ್ ಮೊದಲ ಸರದಿಯಲ್ಲೇ 25 ಗಜವನ್ನೂ ಓಡಿ ಮುಗಿಸಿದ. ಕೊಸರು ಸೇರಿ 42-35. ಮುರಿದಿದ್ದ ಮೂಳೆಗೆ ಇದಕ್ಕಿಂತ ಒಳ್ಳೆಯ ಉತ್ತರವಿರಲಿಲ್ಲ.

ಬಾಯ್ಸಿ ಮತ್ತೆ ನಾಲ್ಕನೆಯ ಸರದಿಗೆ ಬಂದು ನಿಂತಿತು. ಮನೆ ಹತ್ತಿರವಿದೆ, ಸೋತರೆ ಪಂದ್ಯವೇ ಮುಗಿಯಿತು. ಎಲ್ಲರ ಕಣ್ಣೂ ಝಬ್ರಾನ್ಸ್ಕಿಯ ಮೇಲೆ. ಅವನು ಚೆಂಡು ಬರುವ ಮೊದಲೇ ಪಕ್ಕಕ್ಕೆ ಸರಿದುಹೋದ. ಚೆಂಡು ಸೂತ್ರಧಾರನನ್ನು ಬಿಟ್ಟು ವಿನ್ನಿ ಪೆರೆಟಾ ಎಂಬ ಹುಡುಗನಿಗೆ ಬಂತು. ಚೆಂಡು ಹಿಡಿಯುವುದು ಅವನ ಕೆಲಸ, ಎಸೆಯುವುದಲ್ಲ. ಅವನು ಓಡುವಂತೆ ಮಾಡಿ ಎಸೆದ. ಡೆರೆಕ್ ಶೌಮನ್ ಮನೆಯೊಳಗೆ ಹಿಡಿದ. 42-41.

ಈಗ ಒದ್ದರೆ ಸಮ. ಆಟ ಮತ್ತೊಂದು ಸುತ್ತು ಹೋಗುತ್ತದೆ. ಹೋದರೆ ಬಲ ಹೆಚ್ಚಿರುವ ಓಕ್ಲಹೋಮಾಕ್ಕೆ ಲಾಭ ಎಂದು ಕ್ರಿಸ್ ಪೀಟರ್ಸನ್ ಎಣಿಸಿರಬೇಕು. ಎರಡು ಅಂಕಕ್ಕೆ ಹೋಗಿ ಎಂದರು. ಮೂರು ಗಜ, ಒಂದೇ ಯತ್ನ, ಗೆಲುವು ಇಲ್ಲವೇ ಸೋಲು.

ಬಲಗಡೆ ಮೂವರು ಚೆಂಡು ಹಿಡಿಯಲು ಸಿದ್ಧರಾಗಿ ನಿಂತರು. ಝಬ್ರಾನ್ಸ್ಕಿ ಚೆಂಡು ತೆಗೆದುಕೊಂಡ, ಬಲಕ್ಕೆ ತಿರುಗಿದ, ಬಲಗೈ ಎತ್ತಿ ಎಸೆದ. ಎಸೆದಂತೆ ಮಾಡಿದ. ಆ ಕೈ ಖಾಲಿ. ಚೆಂಡು ಎಡಗೈಯಲ್ಲಿ, ಬೆನ್ನ ಹಿಂದೆ ಇತ್ತು. ಹಿಂದಿನಿಂದ ಬಂದ ಇಯಾನ್ ಜಾನ್ಸನ್ ಅದನ್ನು ಎತ್ತಿಕೊಂಡು ಎಡಕ್ಕೆ ಓಡಿದ. ಅತ್ತ ಯಾರೂ ಅವನನ್ನು ಮುಟ್ಟಲಿಲ್ಲ. 43-42.

ಈ ಕಣ್ಕಟ್ಟಿಗೆ ಲಿಬರ್ಟಿ ಪ್ರತಿಮೆಯ ಹೆಸರಿದೆ. ಎತ್ತಿದ ಕೈ ದೀವಟಿಗೆ ಹಿಡಿದ ಆ ಪ್ರತಿಮೆಯನ್ನು ಹೋಲುತ್ತದೆಂದು. ಇದು ಹಳೇ ವಿದ್ಯೆ, ಅಜ್ಜಂದಿರ ಕಾಲದ್ದು. ಇಂದಿನ ಕೋಚ್‌ಗಳು ಇದನ್ನು ವರ್ಷವಿಡೀ ಚೀಲದಲ್ಲೇ ಇಟ್ಟಿರುತ್ತಾರೆ, ಯಾಕೆಂದರೆ ಒಮ್ಮೆ ತೋರಿಸಿದರೆ ಮುಂದಿನ ವಾರದ ಎದುರಾಳಿ ಎಚ್ಚರವಾಗುತ್ತಾನೆ. ಆ ಬೌಲ್ ಪಂದ್ಯಕ್ಕೆ ಮುಂದಿನ ವಾರ ಎಂಬುದಿರಲಿಲ್ಲ. ಬಾಯ್ಸಿಗೆ ನವೆಂಬರ್ ಕೊನೆಯಿಂದ ಐದು ವಾರ ಅಭ್ಯಾಸಕ್ಕೆ ಸಿಕ್ಕಿತ್ತು. ಉಳಿಸಿಕೊಳ್ಳಬೇಕಾದದ್ದು ಏನೂ ಇರಲಿಲ್ಲ. ಮೂರು ಕೈಚಳಕವೂ ಒಂದೇ ಸಂಜೆ ಹೊರಬಿದ್ದದ್ದಕ್ಕೆ ಇದೇ ಕಾರಣ ಎನ್ನುವುದು ನನ್ನ ಎಣಿಕೆ. ಊರಿಗೆ ಜನ ಬರಲೆಂದು ಹುಟ್ಟಿದ ಪಂದ್ಯ ಎಂದೆನಲ್ಲ. ಚಾಂಪಿಯನ್‌ಗಿರಿಯ ಭಾರವಿಲ್ಲದ ಪಂದ್ಯದಲ್ಲಿ ಆಡುವವರ ಕೈ ಸಡಿಲವಾಗುತ್ತದೆ.

ಪಂದ್ಯ ಮುಗಿದದ್ದೇ ತಡ, ಇಯಾನ್ ಜಾನ್ಸನ್ ಟಿ.ವಿ. ಕ್ಯಾಮೆರಾ ಮುಂದೆಯೇ ಮಂಡಿಯೂರಿ ತನ್ನ ಗೆಳತಿಯನ್ನು ಮದುವೆಯಾಗುವೆಯಾ ಎಂದು ಕೇಳಿದ. ಅವಳು ತಂಡವನ್ನು ಹುರಿದುಂಬಿಸುವ ಚಿಯರ್‌ಲೀಡರ್. ಒಪ್ಪಿದಳು.

ನೀವು ಈಗ ಒಂದು ಪ್ರಶ್ನೆ ಕೇಳಬೇಕು. ಒಳ್ಳೆಯ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. 13ಕ್ಕೆ 13 ಗೆದ್ದ ಬಾಯ್ಸಿ ಆ ವರ್ಷದ ಚಾಂಪಿಯನ್ ಆಯಿತೇ? ಇಲ್ಲ. ಆಗ ಮತಗಣನೆ ಮತ್ತು ಕಂಪ್ಯೂಟರ್ ಲೆಕ್ಕ ಸೇರಿಸಿ ಎರಡು ತಂಡಗಳನ್ನು ಆರಿಸಿ, ಅವೆರಡಕ್ಕೇ ಅಂತಿಮ ಪಂದ್ಯ ಇಡುತ್ತಿದ್ದರು. ಫ್ಲಾರಿಡಾ ತಂಡ ಓಹಾಯೊ ಸ್ಟೇಟ್ ತಂಡವನ್ನು 41-14ರಿಂದ ಸೋಲಿಸಿ ಚಾಂಪಿಯನ್ ಆಯಿತು. ದೇಶದ ಮೇಲಿನ ದರ್ಜೆಯಲ್ಲಿ ಒಂದೂ ಸೋಲದೆ ಉಳಿದ ಏಕೈಕ ತಂಡಕ್ಕೆ ಅಂತಿಮ ಪಟ್ಟಿಯಲ್ಲಿ ಸಿಕ್ಕಿದ್ದು ಐದನೆಯ ಸ್ಥಾನ. ನನಗಿದು ಇಂದಿಗೂ ಒಪ್ಪಿಗೆಯಾಗಿಲ್ಲ.

ಇಂಥ ದೂರುಗಳು ವರ್ಷ ವರ್ಷ ಬೆಳೆದು, 2014ರ ಋತುವಿನಿಂದ ನಾಲ್ಕು ತಂಡಗಳ ಪ್ಲೇಆಫ್ ಬಂತು. 2024ರಿಂದ ಅದು ಹನ್ನೆರಡು ತಂಡಗಳದ್ದಾಯಿತು. ಹಳೆಯ ದೊಡ್ಡ ಬೌಲ್‌ಗಳೇ ಈಗ ಆ ಪ್ಲೇಆಫಿನ ಮೆಟ್ಟಿಲುಗಳು. ಆ ಮೊದಲ ಹನ್ನೆರಡರಲ್ಲಿ ಬಾಯ್ಸಿ ಸ್ಟೇಟ್ ಕೂಡ ಇತ್ತು. 2024ರ ಡಿಸೆಂಬರ್ 31ರಂದು ಅವರನ್ನು ಕಳಿಸಿದ್ದು ಎಲ್ಲಿಗೆ ಗೊತ್ತೇ? ಅದೇ ಗ್ಲೆಂಡೇಲ್, ಅದೇ ಕ್ರೀಡಾಂಗಣ, ಅದೇ ಫಿಯೆಸ್ಟಾ ಬೌಲ್. ಈ ಬಾರಿ ಗೆದ್ದವರಿಗೆ ಮುಂದಿನ ಪಂದ್ಯವಿತ್ತು. ಪೆನ್ ಸ್ಟೇಟ್ ತಂಡ 31-14ರಿಂದ ಗೆದ್ದು ಮುಂದೆ ಹೋಯಿತು. ನೀಲಿ ಅಂಗಿಯವರು ಐಡಹೋಗೆ ಮರಳಿದರು.